ಕೆಂಪು ದಾರದ ಗುರುತು

ಇಷ್ಟೊಂದು ಎಚ್ಚರಿಕೆಯಿಂದ ಬದುಕುವ ಮನುಷ್ಯನಿಗೆ ಮನೆಯಲ್ಲಿ ಒಂದು ಮೆಚ್ಚುಗೆಯ ಮಾತಿಲ್ಲವಲ್ಲ ಎಂಬುದೇ ದರ್ಜಿಯ ದುಃಖ.

ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂದ ದಿನ ಡಾಕ್ಟರಮ್ಮ ಬಹಳ ಹೊತ್ತು ವಿವರಿಸಿದ್ದರು. ಆದರೆ 'ರಕ್ತದಲ್ಲಿ ವೈರಸ್ ಇದೆ, ಲಿವರ್ ಮೇಲೆ ಕಣ್ಣಿಟ್ಟಿರಬೇಕು' ಎಂಬಲ್ಲಿಗೇ ಅವನ ಕಿವಿ ಮುಚ್ಚಿಹೋಗಿತ್ತು. ಮುಂದಿನದಕ್ಕೆಲ್ಲ ತಲೆಯಾಡಿಸಿದ್ದು ಬರೀ ಮರ್ಯಾದೆಗೆ. ಹೆಂಡತಿಗೂ ಮಗಳಿಗೂ ಪರೀಕ್ಷೆ, ಲಸಿಕೆ ಎರಡೂ ಆದವು. ಜೊತೆಗಿದ್ದ ಮಾವ, ನಿವೃತ್ತ ಬಸ್ ಡ್ರೈವರ್, ಮಾತ್ರ "ಈ ವಯಸ್ಸಲ್ಲಿ ನನಗ್ಯಾಕಮ್ಮ ಸೂಜಿ?" ಎಂದು ತಪ್ಪಿಸಿಕೊಂಡರು.

ದರ್ಜಿ ಅಂಗಡಿಯಿಂದ ಕೆಂಪು ದಾರದ ಉಂಡೆ ತಂದು ತನ್ನ ಪ್ರತ್ಯೇಕತಾ ಮಹಾಯೋಜನೆಯನ್ನು ಜಾರಿಗೆ ತಂದ. ತನ್ನ ಲೋಟಕ್ಕೆ ದಾರ ಸುತ್ತಿದ. ಕುರ್ಚಿಯ ಕಾಲಿಗೆ ಗಂಟು ಹಾಕಿದ. ತಟ್ಟೆಗೆ ಕೆಂಪು ಅಂಚಿನ ಚೀಲವನ್ನೇ ಹೊಲಿದ (ಅಂಚು ಬಹಳ ನೀಟಾಗಿ ಬಂದಿತ್ತು). ಊಟಕ್ಕೆ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂರತೊಡಗಿದ.

"ರೀ, ಒಳಗೆ ಬನ್ನಿ. ಚಪ್ಪಲಿಗಳ ಜೊತೆ ಏನು ಸಹಭೋಜನ?"

"ನಿಮ್ಮ ಒಳ್ಳೇದಕ್ಕೇ ಕಣೇ."

"ಒಳ್ಳೇದಂತೆ! ಮಗಳು ನಿಮ್ಮ ಹತ್ರ ಬರೋಕೇ ಹೆದರ್ತಾಳೆ. 'ಅಪ್ಪ ಕಚ್ತಾರಾ?' ಅಂತ ಕೇಳ್ತಾಳೆ."

ದರ್ಜಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಮಾವ ತಮ್ಮ ನುಣ್ಣನೆಯ ಕೆನ್ನೆ ಸವರಿಕೊಳ್ಳುತ್ತ, "ಬಿಡಮ್ಮ, ಅಳಿಯಂದಿರು ತಪಸ್ಸಿಗೆ ಕೂತಿದಾರೆ" ಎಂದರು.

ಮುಂದಿನ ತಪಾಸಣೆಗೆ ಹೆಂಡತಿ ಇಡೀ ಸಂಸಾರವನ್ನೇ ಹೊರಡಿಸಿ, ಡಾಕ್ಟರಮ್ಮನ ಮುಂದೆ ಕೆಂಪು ದಾರದ ಕಥೆ ಹೇಳಿದಳು.

"ಒಂದೇ ತಟ್ಟೇಲಿ ಉಣ್ಣೋದು, ಪಕ್ಕದಲ್ಲಿ ಕೂರೋದು, ಮಗೂನ ಅಪ್ಪಿಕೊಳ್ಳೋದು, ಇದ್ಯಾವುದರಿಂದಲೂ ಹರಡಲ್ಲ ಅಂತ ಅವತ್ತೇ ಹೇಳಿದ್ನಲ್ಲ! ರಕ್ತ ತಾಗೋ ವಸ್ತುಗಳು ಮಾತ್ರ ಬೇರೆ ಇರಬೇಕು. ಬ್ರಷ್, ಸೂಜಿ, ರೇಜರ್... ನಿಮ್ಮ ರೇಜರ್ ಬೇರೆ ಇಟ್ಟಿದೀರಿ ತಾನೆ?"

"ಬಚ್ಚಲುಮನೆ ಗೂಡಲ್ಲಿದೆ."

"ಅದಕ್ಕೆ ದಾರ?" ಹೆಂಡತಿ ಕೇಳಿದಳು.

"ರೇಜರಿಗೆ ಯಾರಾದ್ರೂ ದಾರ ಕಟ್ತಾರೇನೇ?"

ಕೆನ್ನೆ ಸವರುತ್ತಿದ್ದ ಮಾವನ ಕೈ ಅಲ್ಲೇ ನಿಂತಿತು. "ಆ ಹಸಿರು ಹಿಡಿಯದ್ದಾ?" ಎಂದರು ಮೆಲ್ಲಗೆ. "ಬಹಳ ನುಣ್ಣಗೆ ಹೋಗುತ್ತೆ ಅದು."

ಯಾರೂ ನಗಲಿಲ್ಲ. ಮಾವನ ರಕ್ತ ತೆಗೆದರು.

ಫಲಿತಾಂಶ ಬರುವವರೆಗೆ ದರ್ಜಿಗೆ ಹೊಲಿಗೆ ನೆಟ್ಟಗಾಗಲಿಲ್ಲ. ಯಾರದೋ ಅಂಗಿಯ ಎರಡೂ ತೋಳುಗಳನ್ನು ಒಂದೇ ಬದಿಗೆ ಕೂಡಿಸಿಬಿಟ್ಟ. ಊಟಕ್ಕೆ ಮತ್ತೆ ಚಪ್ಪಲಿಗಳ ಪಕ್ಕಕ್ಕೇ ಹೋದ. ಈ ಸಲ ಭಯಕ್ಕಲ್ಲ, ಮಾವನ ಮುಖ ನೋಡಲಾರದೆ. ಮಾವ ತಮ್ಮ ತಟ್ಟೆ ಹಿಡಿದು ಅಲ್ಲಿಗೇ ಬಂದರು.

"ಸ್ವಲ್ಪ ಜರುಗಿ. ಬಂದಿದ್ರೆ ಬಂದಿರಲಿ, ನಿಮಗೊಂದು ಜೊತೆ ಆಗುತ್ತೆ."

"ಮಾವ, ನನ್ನಿಂದ ದೊಡ್ಡ ತಪ್ಪಾಯ್ತು. ಕ್ಷಮಿಸಿ."

"ಕ್ಷಮಿಸೋದು ಆಮೇಲೆ. ಮೊದಲು ಉಪ್ಪು ಕೊಡಿ."

ದರ್ಜಿ ಉಪ್ಪು ಕೊಟ್ಟು, ಚಪ್ಪಲಿಗಳನ್ನು ಸರಿಸಿ ಮಾವನಿಗೆ ಜಾಗ ಮಾಡಿದ.

ಮಾವನಿಗೆ ಸೋಂಕು ಕಾಣಲಿಲ್ಲ. ಲಸಿಕೆ ಶುರುವಾಯಿತು. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ಪರೀಕ್ಷಿಸೋಣ ಎಂದರು ಡಾಕ್ಟರಮ್ಮ. ದರ್ಜಿಯ ಲಿವರ್ ಕೂಡ ಸದ್ಯಕ್ಕೆ ಚೆನ್ನಾಗಿತ್ತು. ಕುಡಿತ ಕೂಡದು, ಕಂಡಕಂಡವರು ಕೊಟ್ಟ ಔಷಧಿ ಪುಡಿ ಕೂಡದು, ತಪಾಸಣೆ ತಪ್ಪಿಸಕೂಡದು. ಈ ಸಲ ಪ್ರತಿ ಮಾತನ್ನೂ ಅವನು ಎರಡೆರಡು ಸಲ ಹೇಳಿಸಿಕೊಂಡ.

ಮನೆಗೆ ಬಂದು ಹೆಂಡತಿ ಅವನ ಕತ್ತರಿಯಿಂದಲೇ ಎಲ್ಲ ದಾರಗಳನ್ನೂ ಕತ್ತರಿಸಿದಳು. ತಟ್ಟೆಯ ಚೀಲ ಮಗಳ ಗೊಂಬೆಗೆ ಹಾಸಿಗೆಯಾಯಿತು. ಉಳಿದ ಇಡೀ ಉಂಡೆ ರೇಜರಿಗೆ ಹೋಯಿತು. ಎಷ್ಟೆಂದರೆ, ಹಸಿರು ಹಿಡಿ ಎಲ್ಲಿದೆಯೆಂದೇ ತಿಳಿಯದು, ಬ್ಲೇಡು ಕೆನ್ನೆಗೆ ತಾಗದು.

"ಸ್ವಲ್ಪ ಬಿಚ್ಚೇ. ಹೀಗಾದ್ರೆ ಗಡ್ಡ ಹೇಗೆ ತೆಗೀಲಿ?"

"ಎಚ್ಚರಿಕೆ ಅಂದ್ರೆ ಎಚ್ಚರಿಕೆ ರೀ."

ಹೊಸ ರೇಜರಿನಲ್ಲಿ ಮುಖ ನುಣ್ಣಗೆ ಮಾಡಿಕೊಂಡಿದ್ದ ಮಾವ ಮೇಜಿನ ಆ ಬದಿಯಲ್ಲಿ ಕೂತು ನಗುತ್ತಿದ್ದರು. ಮಗಳು ಮೆಲ್ಲಗೆ ಬಂದು ಅಪ್ಪನ ತೊಡೆಯೇರಿದಳು. ಅವನ ಮುಖವನ್ನು ಬಹಳ ಹೊತ್ತು ನೋಡಿ, ಕೆನ್ನೆಗೆ ಕೆನ್ನೆ ಒತ್ತಿದಳು. ದರ್ಜಿಯ ಕಣ್ಣು ತುಂಬಿ ಬಂತು.

ಮರುಕ್ಷಣವೇ ಅವಳು ಚಿಟ್ಟನೆ ಚೀರಿ ಕೆಳಗೆ ಜಿಗಿದಳು.

"ಅಮ್ಮಾ! ಅಪ್ಪ ಕಚ್ಚಲ್ಲ, ಚುಚ್ತಾರೆ!"