ನೆರೆಯವರ ಮೇಲೆ ಪ್ರೀತಿ, ಮನೆಯೊಳಗೆ ನೆರೆ

ಈ ವಾರ ನಾನು ಪ್ರೀತಿಸಿಯೇ ತೀರುತ್ತೇನೆ ಎಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಚುನಾವಣೆಗೆ ನಿಂತವನ ಗತ್ತು ನನ್ನ ದನಿಯಲ್ಲಿತ್ತು. ಹೆಂಡತಿ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು:

“ಯಾರನ್ನ?”

“ಮೇಲಿನ ಮನೆಯವರನ್ನ.”

“ಸದ್ಯ. ನಾನು ಬೇರೇನೋ ಅಂದುಕೊಂಡೆ,” ಎಂದು ಉಪ್ಪಿನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಅತ್ತೆಗೆ ಕೆಮ್ಮು ಬಂತು. ನಮ್ಮ ಅತ್ತೆಗೆ ನಗು ಬಂದಾಗಲೆಲ್ಲ ಕೆಮ್ಮು ಬರುತ್ತದೆ. ಮಗಳ ಮನೆಯಲ್ಲಿ ಇರಲು ಬಂದ ಮೇಲೆ, ಪಾಪ, ಆ ಕೆಮ್ಮು ವಾಸಿಯಾಗಿಯೇ ಇಲ್ಲ.

ಇದರಲ್ಲಿ ತಪ್ಪೇನಾದರೂ ಇದ್ದರೆ ಅದು ಪಾಸ್ಟರದು. ಅಂದು ಬೆಳಿಗ್ಗೆ ಚರ್ಚಿನಲ್ಲಿ ಪ್ರಸಂಗ ಮಾಡುತ್ತ ಅವರು, ದೇವರನ್ನು ಪ್ರೀತಿಸುತ್ತೇನೆ ಎನ್ನುವುದು ಬಹಳ ಸುಲಭ, ಏಕೆಂದರೆ ದೇವರು ಬೆಳಗಿನ ಜಾವ ನಿಮ್ಮ ತಲೆಯ ಮೇಲೆ ಕುರ್ಚಿ ಎಳೆದಾಡುವುದಿಲ್ಲ ಎಂದರು. ಆ ಪ್ರೀತಿ ನಿಜವೋ ಸುಳ್ಳೋ ಎಂಬುದು ಮೊಣಕಾಲೂರಿದಾಗ ತಿಳಿಯುವುದಿಲ್ಲ, ಮೆಟ್ಟಿಲ ಮೇಲೆ ಪಕ್ಕದವರು ಎದುರಾದಾಗ ತಿಳಿಯುತ್ತದೆ ಎಂದರು. “ನಿಮಗೆ ಪ್ರೀತಿಸೋಕೆ ತೀರಾ ಕಷ್ಟ ಅನ್ನಿಸೋ ಒಬ್ಬರನ್ನ ಆರಿಸಿಕೊಳ್ಳಿ. ಈ ಒಂದು ವಾರ ಅವರನ್ನ ಬಾಯಿಂದ ಅಲ್ಲ, ಕೈಯಿಂದ ಪ್ರೀತಿಸಿ. ಯಾರಿಗೂ ಹೇಳ್ಬೇಡಿ,” ಎಂದು ಮುಗಿಸಿದರು. ಕೊನೆಯ ಮಾತು ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಲಿಲ್ಲ.

ಕುರ್ಚಿ ಎಂಬ ಮಾತು ಮಾತ್ರ ಚೆನ್ನಾಗಿ ಕೇಳಿಸಿತ್ತು. ನಮ್ಮ ಮೇಲಿನ ಮನೆಯಲ್ಲಿ ಕುರ್ಚಿ ಎಳೆದಾಡುವವರು ಒಬ್ಬ ನಿವೃತ್ತ ಬ್ಯಾಂಡ್ ವಾದಕರು. ಕುರ್ಚಿಯನ್ನಾದರೂ ಕ್ಷಮಿಸಬಹುದು. ಅವರ ಬಳಿ ಟ್ರಂಬೋನ್ ಇದೆ. ಅದು ಆಳುದ್ದದ ಹಿತ್ತಾಳೆ ತುತ್ತೂರಿ. ನಾನು ಕೆಲಸ ಮುಗಿಸಿ ಬಂದು ಬೂಟು ಬಿಚ್ಚುವುದಕ್ಕೂ ಅವರು ಊದಲು ತೊಡಗುವುದಕ್ಕೂ ಸರಿಹೋಗುತ್ತದೆ. ದೊಡ್ಡ ಪ್ರಾಣಿಯೊಂದು ಮೆಟ್ಟಿಲು ಹತ್ತಿಬಿಟ್ಟು, ಇಳಿಯಲಾಗದೆ ಗೋಳಾಡುವಂಥ ಸದ್ದು. ನಾನು ಪೊರಕೆಯ ಹಿಡಿಯಿಂದ ಸೂರಿಗೆ ಗುದ್ದುತ್ತೇನೆ. ಅವರು ಅದನ್ನು ತಾಳವೆಂದು ಭಾವಿಸಿ ವೇಗ ಹೆಚ್ಚಿಸುತ್ತಾರೆ. ಹೀಗೆ ನಮ್ಮ ಜುಗಲ್‌ಬಂದಿ ವರ್ಷಗಟ್ಟಲೆ ನಡೆದಿದೆ.

ನಾನಾದರೋ ತಾಳ್ಮೆಯನ್ನೇ ಕಸುಬು ಮಾಡಿಕೊಂಡವನು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ನಮ್ಮ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ದಿನವಿಡೀ ಅದನ್ನು ಒತ್ತುತ್ತ, “ಪರವಾಗಿಲ್ಲ, ಆ ಕಂಬ ಅಲ್ಲೇ ಇರತ್ತೆ, ಅದು ಪಕ್ಕಕ್ಕೆ ಸರಿಯಲ್ಲ,” ಎಂದು ಸಮಾಧಾನದಿಂದ ಹೇಳುವವನು. ಇಂಥವನಿಗೆ ಒಬ್ಬ ಮುದುಕರನ್ನು ಪ್ರೀತಿಸುವುದು ಯಾವ ಮಹಾ?

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಅವರು ಎದುರಾದರು. ನಾನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟು, ಮುಖದಲ್ಲಿದ್ದಷ್ಟೂ ಹಲ್ಲು ತೋರಿಸಿ ನಕ್ಕೆ. ಅವರು ಒಂದು ಮೆಟ್ಟಿಲು ಹಿಂದೆ ಸರಿದರು.

“ಏನಾಯ್ತು, ಹಲ್ಲುನೋವಾ?”

“ಇಲ್ಲ, ನಗ್ತಿದೀನಿ.”

“ಯಾಕೆ?”

ನಾನು ಅದೇ ನಗುವನ್ನು ಹೊತ್ತುಕೊಂಡು ದಡದಡನೆ ಮೆಟ್ಟಿಲಿಳಿದೆ.

ಮಂಗಳವಾರ ಅವರು ಅಂಗಡಿಯಿಂದ ಚೀಲ ಹಿಡಿದು ಬಂದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಪ್ರೀತಿ ಉಕ್ಕಿತು. ಹಿಂದಿನಿಂದ ಹೋಗಿ ಚೀಲಕ್ಕೆ ಕೈ ಹಾಕಿದೆ. ಕಳ್ಳನೆಂದುಕೊಂಡ ಅವರು ತಮ್ಮ ಕಡೆಗೆ ಎಳೆದರು. ನಾನು ನನ್ನ ಕಡೆಗೆ ಎಳೆದೆ. “ಬಿಡ್ರೀ.” “ನೀವು ಬಿಡಿ, ನಾನು ಹೊರ್ತೀನಿ.” “ನಾನು ಕೇಳಿದ್ನಾ?” ಚೀಲ ಯಾರ ಪಕ್ಷವನ್ನೂ ವಹಿಸದೆ ನಡುವೆ ಹರಿಯಿತು. ಅದರಲ್ಲಿದ್ದುದು ಮೊಟ್ಟೆ.

“ಹೇಗಿದೆ ಪ್ರೀತಿ?” ಎಂದು ಹೆಂಡತಿ ಸಂಜೆ ವಿಚಾರಿಸಿದಳು.

“ಮೆಟ್ಟಿಲ ಮೇಲೆಲ್ಲ ಹರಡಿದೆ. ಆದ್ರೂ ನೋಡು, ಈ ವಾರ ಅವರು ಒಂದು ದಿನವೂ ಊದಿಲ್ಲ. ನನ್ನ ನಗೆಗೆ ಎಂಥ ಶಕ್ತಿ ಇದೆ.”

“ಹೌದು. ಅವರು ತುತ್ತೂರಿ ನಿಲ್ಲಿಸಿದ್ದಾರೆ, ನೀವು ಶುರು ಮಾಡಿದ್ದೀರಿ.”

ಗುರುವಾರ ಅವರು ತಂಗಿಯ ಮನೆಗೆ ಹೊರಟರು. ಹೋಗುವಾಗ ಗಿಡಗಳಿಗೆ ನೀರು ಹಾಕಲೆಂದು ನನ್ನ ಹೆಂಡತಿಯ ಕೈಗೆ ಬೀಗದ ಕೈ ಕೊಟ್ಟರು. ಅವಳ ಮೇಲೆ ಅವರಿಗೆ ವಿಶ್ವಾಸ. ಅವರ ಹಳೆಯ ಬ್ಯಾಂಡ್ ಕೋಟಿನ ಗುಂಡಿ ಹೊಲಿದು ಕೊಡುವವಳು ಅವಳೇ. ಹೊಲಿಗೆ ಅವಳ ಉದ್ಯೋಗ. ಆ ವಾರವಂತೂ ನಮ್ಮ ಮನೆಯ ಹಿಂದಿನ ಕೋಣೆಯ ತುಂಬ ಚರ್ಚಿನ ಗಾಯಕವೃಂದದ ಹೊಸ ನಿಲುವಂಗಿಗಳು. ಬಿಳಿಯ ಅಂಗಿ, ಕಡುಗೆಂಪು ಕೊರಳಪಟ್ಟಿ. ಭಾನುವಾರ ಅವನ್ನು ಮೊದಲ ಸಲ ತೊಟ್ಟು ಗಾಯಕರು ಹಾಡಬೇಕಿತ್ತು. ಹೊಲಿದು ಮುಗಿದ ಅಂಗಿಗಳನ್ನು ಮೇಜಿನ ಮೇಲೆ ಪೇರಿಸಿ, ಉಳಿದ ಕೆಂಪು ಬಟ್ಟೆಯ ಥಾನನ್ನು ಅವುಗಳ ಮೇಲಿಟ್ಟಿದ್ದಳು.

ಮೊದಲ ಪಾಠದವರು ಜ್ವರವೆಂದು ಬರಲಿಲ್ಲವಾಗಿ, ಗಿಡಕ್ಕೆ ನೀರು ನಾನೇ ಹಾಕುತ್ತೇನೆ ಎಂದು ಬೀಗದ ಕೈ ಇಸಿದುಕೊಂಡು ಮೇಲೆ ಹೋದೆ. ನೀರು ಹಿಡಿಯಲು ಬಚ್ಚಲಿಗೆ ಕಾಲಿಟ್ಟರೆ ಅಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್, ಟಪ್. ಸ್ವರ್ಗವೇ ಬೆರಳು ತೋರಿ ಕರೆದಂತಾಯಿತು. ಕೈಯಿಂದ ಪ್ರೀತಿಸಿ ಎಂದರಲ್ಲ ಪಾಸ್ಟರು? ಓಡಿ ಕೆಳಗೆ ಬಂದು ಸ್ಪ್ಯಾನರ್ ಹುಡುಕಿದೆ.

“ಅದ್ಯಾಕೆ?” ಎಂದಳು ಹೆಂಡತಿ.

“ಸುಮ್ಮನೆ.”

“ನಮ್ಮ ಅಡುಗೆಮನೆ ನಲ್ಲೀನ ನೀವು ರಿಪೇರಿ ಮಾಡಿದಾಗಿನಿಂದ ಬಿಸಿನೀರು ಬೇಕಾದ್ರೆ ತಣ್ಣೀರಿನ ಕಡೆ ತಿರುಗಿಸ್ತಿದೀನಿ. ಅದೊಂದು ನೆನಪಿರಲಿ.”

ಪ್ರೀತಿಸುವವನಿಗೆ ಇಂಥ ಚುಚ್ಚುಮಾತು ನಾಟುವುದಿಲ್ಲ. ಮೇಲೆ ಹೋಗಿ ಸ್ಪ್ಯಾನರ್ ಕಚ್ಚಿಸಿ ಎಡಕ್ಕೆ ತಿರುಗಿಸಿದೆ. ಎಡ ಯಾವುದು ಬಲ ಯಾವುದು ಎಂದು ಕಲಿಸಿಯೇ ಹೊಟ್ಟೆ ಹೊರೆಯುವವನು ನಾನು, ಅದರಲ್ಲಿ ತಪ್ಪುವ ಮಾತೇ ಇಲ್ಲ. ನಲ್ಲಿ ನನ್ನ ಕೈಗೆ ಬಂತು. ಪೂರ್ತಿ ಬಂತು. ಅದರ ಹಿಂದೆಯೇ, ಅಷ್ಟು ಕಾಲ ಕೊಳವೆಯೊಳಗೆ ನನಗಾಗಿ ಕಾದಿದ್ದಂತೆ, ನೀರು ಬಂತು. ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು. ಬಚ್ಚಲಿಗೆ ಬ್ರೇಕ್ ಇರಲಿಲ್ಲ.

ಹೆಬ್ಬೆರಳು ಅಡ್ಡ ಇಟ್ಟೆ. ನೀರು ಬೆರಳಿನ ಎರಡೂ ಬದಿಯಿಂದ ಬಂದು ಎರಡೂ ಕಣ್ಣಿಗೆ ಹೊಡೆಯಿತು. ಟವೆಲ್ ತುರುಕಿದೆ. ಅದು ಹಕ್ಕಿಯಂತೆ ಹಾರಿ ಕನ್ನಡಿಗೆ ಅಪ್ಪಳಿಸಿತು. ನಡುಕೋಣೆಗೆ ಓಡಿದೆ. ಟ್ರಂಬೋನಿನ ಪಕ್ಕದಲ್ಲಿ, ಅದರ ಬಾಯಿಗೆ ಅಡ್ಡ ಹಿಡಿದು ದನಿ ತಗ್ಗಿಸುವ ರಬ್ಬರ್ ಬಟ್ಟಲೊಂದಿತ್ತು. ಇಂಥದ್ದೊಂದು ಅವರ ಬಳಿ ಇತ್ತೆಂದೂ ಅವರು ಅದನ್ನು ಬಳಸುತ್ತಿರಲಿಲ್ಲವೆಂದೂ ತಿಳಿದು, ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಸಿಟ್ಟು ಬಂತು. ತಂದು ಕೊಳವೆಗೆ ಒತ್ತಿದೆ. ನೀರು ಬಟ್ಟಲೊಳಗೆ ಒಂದು ಸುತ್ತು ಹಾಕಿ ಹೆಚ್ಚಿನ ಹುರುಪಿನಿಂದ ಹಿಂದಿರುಗಿತು.

ಕೆಳಗಿನ ಕಿಟಕಿಯಿಂದ ಹೆಂಡತಿಯ ದನಿ ಕೇಳಿತು.

“ರೀ, ಮೇಲೆ ಏನ್ ಮಾಡ್ತಿದೀರಿ?”

“ಪ್ರೀತಿಸ್ತಿದೀನಿ.”

“ಅದು ಇಲ್ಲಿ ಸೋರ್ತಿದೆ.”

ಅವರ ಬಚ್ಚಲಿನ ಕೆಳಗೇ ಅವಳ ಹೊಲಿಗೆ ಕೋಣೆ ಇದೆಯೆಂಬುದು ನನಗೆ ಆಗ ಹೊಳೆಯಿತು. ನೆರೆಯವರನ್ನು ಪ್ರೀತಿಸಲು ಹೋಗಿ ನನ್ನ ಮನೆಗೇ ನೆರೆ ಬಂದಿತ್ತು. ಅತ್ತೆ ಕೊಡೆ ಬಿಚ್ಚಿ ಕೋಣೆಯ ಮಧ್ಯೆ ಕುಳಿತಿದ್ದರೆಂದು ಆಮೇಲೆ ತಿಳಿಯಿತು. ಅಲ್ಲಿಂದಲೇ ಅವರು ಮಗಳಿಗೆ, “ನೀರು ನಿಲ್ಲಿಸೋ ಚಕ್ರ ಮುಂಬಾಗಿಲ ಹಿಂದಿರತ್ತೆ ಅಂತ ಹೇಳೇ. ನಮ್ಮನೇಲಿ ನಿನ್ನ ಯಜಮಾನ್ರು ಕೋಟು ನೇತುಹಾಕ್ತಾರಲ್ಲ, ಅದೇ,” ಎಂದರಂತೆ. ಅಲ್ಲಿಯವರೆಗೆ ನಾನು ಅದನ್ನು ಗಟ್ಟಿಮುಟ್ಟಾದ ಗೂಟ ಎಂದೇ ನಂಬಿದ್ದೆ.

ಹೆಂಡತಿ ಕೂಗಿ ಹೇಳಿದಂತೆ ಚಕ್ರ ತಿರುಗಿಸಿ ನೀರು ನಿಲ್ಲಿಸಿ ಹಿಂದಿರುಗಿ ನೋಡಿದರೆ, ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ಬ್ಯಾಂಡ್ ವಾದಕರು ನಿಂತಿದ್ದರು. ತಂಗಿ ಮನೆಗೆ ಬೀಗ ಹಾಕಿ ಬೇರೆ ಊರಿಗೆ ಹೋಗಿದ್ದಾಳೆಂದು ದಾರಿಯಲ್ಲಿ ತಿಳಿದು ವಾಪಸು ಬಂದಿದ್ದರು.

“ನಮಸ್ಕಾರ,” ಎಂದೆ.

“ಏನಾಗ್ತಿದೆ ಇಲ್ಲಿ?”

“ನಿಮ್ಮ ನಲ್ಲಿ ಸೋರ್ತಿತ್ತು.”

ತಮ್ಮ ಕಾಲ ಬಳಿ ತೇಲಿಬಂದ ತಮ್ಮದೇ ಚಪ್ಪಲಿಯನ್ನು ಅವರು ನೋಡಿದರು. “ಈಗ ಸೋರ್ತಿಲ್ಲ,” ಎಂದರು.

ಆಮೇಲೆ ಕಣ್ಣು ಮುಚ್ಚಿ, ಊದುವವರು ಎಳೆದುಕೊಳ್ಳುವಂಥ ಉದ್ದನೆಯ ಉಸಿರೊಂದನ್ನು ಎಳೆದುಕೊಂಡರು. ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಆದರೆ ಅವರು ಕಪಾಟಿನಿಂದ ಒಣ ಟವೆಲ್ ತಂದು ನನ್ನ ಕೈಗಿತ್ತು, “ತಲೆ ಒರೆಸ್ಕೊಳ್ಳಿ, ಶೀತ ಆಗತ್ತೆ,” ಎಂದರು.

ನನ್ನ ಎದೆ ಉಬ್ಬಿತು. ನಾಲ್ಕೇ ದಿನದಲ್ಲಿ ಎಂಥ ಕಲ್ಲನ್ನು ಕರಗಿಸಿಬಿಟ್ಟೆ! “ನೋಡಿ, ಪ್ರೀತಿ ಮನುಷ್ಯನನ್ನ ಹೇಗೆ ಬದಲಾಯಿಸತ್ತೆ,” ಎಂದೆ, ತಲೆ ಒರೆಸಿಕೊಳ್ಳುತ್ತ. “ಭಾನುವಾರ ನಾನು ನಿಮ್ಮನ್ನೇ ಆರಿಸಿಕೊಂಡಿದ್ದು.”

“ಹೌದಾ?” ಎಂದರು ಅವರು. “ನಾನೂ ಚರ್ಚಲ್ಲಿ ನಿಮ್ಮ ಹಿಂದಿನ ಸಾಲಲ್ಲೇ ಕೂತಿದ್ದೆ. ನಾನು ನಿಮ್ಮನ್ನ ಆರಿಸಿಕೊಂಡೆ.”

ನಾನು ಒರೆಸಿಕೊಳ್ಳುವುದನ್ನು ನಿಲ್ಲಿಸಿದೆ.

“ಅದಕ್ಕೇ ಈ ವಾರ ಊದಲಿಲ್ಲ. ಊದ್ದೆ ಇರೋದು ಕಷ್ಟ ಆಯ್ತು. ನನ್ನ ಹೆಂಡತಿ ತೀರಿಕೊಂಡ ಮೇಲೆ ಸಂಜೆ ಹೊತ್ತು ಈ ಮನೆ ತುಂಬಾ ದೊಡ್ಡದು ಅನ್ಸತ್ತೆ ನನಗೆ. ಇರಲಿ. ಭಾನುವಾರದವರೆಗೆ ಹೇಗೋ ತಡ್ಕೋತೀನಿ. ನೀವು ದಯವಿಟ್ಟು ಇನ್ನೇನೂ ಸಹಾಯ ಮಾಡ್ಬೇಡಿ.”

ಅವರ ಮನೆ ನಮ್ಮ ಮನೆಯಷ್ಟೇ ಇದೆ. ನಾವು ಮೂವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ನಮ್ಮಲ್ಲಿ ತಿರುಗಾಡಲಾರೆವು. ಅಂಥ ಮನೆ ದೊಡ್ಡದೆನಿಸಬಹುದೆಂದು ನನಗೆ ಎಂದೂ ತೋಚಿರಲಿಲ್ಲ. ಸೂರಿನ ಕೆಳಗಿನಿಂದ ಪೊರಕೆ ಹಿಡಿದು ಗುದ್ದುವವನಿಗೆ ಸೂರಿನ ಮೇಲಿನ ಸಂಗತಿ ತೋಚುವುದಾದರೂ ಹೇಗೆ?

ಕೆಳಗಿಳಿದು ಬಂದೆ. ಹೊಲಿಗೆ ಕೋಣೆಯಲ್ಲಿ ಬಣ್ಣ ಬಯಲಾಗಿತ್ತು. ಥಾನಿನ ಕೆಂಪು ಇಳಿದು ಬಿಳಿಯ ಅಂಗಿಗಳ ಮೇಲೆಲ್ಲ ಮಚ್ಚೆ ಬಿದ್ದಿತ್ತು. ಇಡೀ ಗಾಯಕವೃಂದಕ್ಕೆ ದಡಾರ ಎದ್ದಂತಿತ್ತು. ಹೆಂಡತಿ ಬೈಯಲಿಲ್ಲ. ಒಂದೊಂದೇ ಅಂಗಿಯನ್ನು ಹಿಂಡುತ್ತಿದ್ದಳು. ಹಿಂಡುವ ರೀತಿ ನೋಡಿ ನಾನು ಕತ್ತು ಸವರಿಕೊಂಡೆ. ಮಾತು ಬದಲಿಸುವುದು ಒಳ್ಳೆಯದೆನಿಸಿತು.

“ಕೇಳಿದ್ಯಾ? ಪ್ರೀತಿಸೋಕೆ ತೀರಾ ಕಷ್ಟದವನು ಅಂತ ಆ ಮನುಷ್ಯ ನನ್ನನ್ನ ಆರಿಸಿಕೊಂಡಿದ್ದಾರಂತೆ. ನನ್ನನ್ನ!”

ಅವಳು ಮುಂದಿನ ಅಂಗಿಯನ್ನು ಕೈಗೆತ್ತಿಕೊಂಡಳು. ನನಗೆ ಯಾಕೋ ಅನುಮಾನ ಬಂತು.

“ನೀನು ಯಾರನ್ನ ಆರಿಸಿಕೊಂಡೆ?”

“ಯಾರಿಗೂ ಹೇಳಬಾರದು ಅಂದಿದ್ದಾರೆ.”

“ಹೇಳು.”

“ನಾಲ್ಕು ದಿನದಿಂದ ಹಾಸಿಗೆ ಮೇಲಿನ ನಿಮ್ಮ ಒದ್ದೆ ಟವೆಲ್‌ನ ಮಾತಾಡದೆ ಎತ್ತಿಡ್ತಿರೋದು ಯಾರು ಅಂದುಕೊಂಡ್ರಿ?”

“ಅದು ತಾನಾಗೇ ಹೋಗ್ತಿತ್ತು ಅಂದುಕೊಂಡೆ.”

ನಾನು ಆಸರೆಗಾಗಿ ಅತ್ತೆಯ ಕಡೆ ನೋಡಿದೆ. ಅವರು ಕೊಡೆ ಮಡಚುತ್ತ, “ನಾನೂ ನಿಮ್ಮನ್ನೇ ಅಂತಿದ್ದೆ,” ಎಂದರು. “ಇವಳು ಮೊದಲೇ ತಗೊಂಡುಬಿಟ್ಟಿದ್ಲು. ಒಬ್ಬರ ಮೇಲೆ ಇಬ್ಬರು ಯಾಕೆ ಅಂತ ಸುಮ್ಮನಾದೆ.”

ನಲ್ಲಿಯ ನೀರಿಗಿಂತ ಬೇಗ ನನ್ನ ಮುಖದ ನೀರು ಇಳಿಯಿತು.

ಅಷ್ಟರಲ್ಲಿ ಬ್ಯಾಂಡ್ ವಾದಕರು ನೆಲ ಒರೆಸುವ ಬಟ್ಟೆ, ಬಕೆಟ್ ಹಿಡಿದು ಇಳಿದುಬಂದರು. ಅಂಗಿಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಜೀವಮಾನವೆಲ್ಲ ಸಮವಸ್ತ್ರ ತೊಟ್ಟ ಮನುಷ್ಯ. “ಮಚ್ಚೆ ಇದ್ರೆ ತಪ್ಪಾಗಿದೆ ಅನ್ಸತ್ತೆ. ಎಲ್ಲಾ ಒಂದೇ ಥರ ಇದ್ರೆ ಬೇಕಂತಲೇ ಮಾಡ್ಸಿದ್ದು ಅನ್ಸತ್ತೆ. ಎಲ್ಲಾನೂ ಒಟ್ಟಿಗೆ ಅದ್ದಿಬಿಡಿ, ಅಮ್ಮಾ,” ಎಂದರು.

ಹೆಂಡತಿ ಅವರನ್ನೂ ಅಂಗಿಯನ್ನೂ ನೋಡಿ ನಿಟ್ಟುಸಿರು ಬಿಟ್ಟಳು. ಬೇರೆ ದಾರಿ ಇರಲಿಲ್ಲ. ನಮ್ಮ ಬಚ್ಚಲಿನ ತೊಟ್ಟಿಗೆ ಅಂಗಿಗಳನ್ನೂ ಕೆಂಪು ಥಾನನ್ನೂ ಸುರಿದು ಬಿಸಿನೀರು ಬಿಟ್ಟಳು. ಪ್ಯಾಂಟು ಮಡಚಿ ಇಳಿದು ತುಳಿಯುವ ಭಾಗ್ಯ ನನ್ನದಾಯಿತು. ತುಳಿಯುತ್ತ ತುಳಿಯುತ್ತ ಸಂಜೆಯಾಯಿತು. ಹಿಂದಿನ ದಿನಗಳಲ್ಲಿ ನಾನು ಬೂಟು ಬಿಚ್ಚುತ್ತಿದ್ದ ಹೊತ್ತು. ನೆಲ ಒರೆಸಿ ಮುಗಿಸಿದ ಮುದುಕರು ಕೈಯನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಬಾಗಿಲಿಗೆ ಒರಗಿ ನಿಂತಿದ್ದರು.

“ತುಳಿಯೋಕೆ ಬೇಜಾರು,” ಎಂದೆ. “ಏನಾದ್ರೂ ಊದಿ.”

“ಪೊರಕೆ?”

“ಅದು ನೀರು ಗುಡಿಸ್ತಿದೆ, ಬಿಡುವಿಲ್ಲ.”

ಅವರು ಟ್ರಂಬೋನ್ ತಂದು ನಮ್ಮ ಬಚ್ಚಲ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ಊದಿದರು. ಸೂರಿನ ಅಡ್ಡವೂ ಇಲ್ಲದೆ ಕೇಳಿದಾಗ ಅದು ಎಷ್ಟು ಕೆಟ್ಟದಾಗಿದೆಯೆಂದು ಸರಿಯಾಗಿ ಗೊತ್ತಾಯಿತು. ಆದರೂ ಎರಡನೆಯ ಹಾಡಿಗೆ ನನ್ನ ಕಾಲು ತಾಳಕ್ಕೆ ಬಿದ್ದುದು ಸುಳ್ಳಲ್ಲ. ಅತ್ತೆ ಇನ್ನೊಂದು ಊದಲು ಕೇಳಿದರು. ಹೆಂಡತಿ ಅವರಿಗೆ ಊಟಕ್ಕೆ ತಟ್ಟೆಯಿಟ್ಟಳು. ನನಗೂ ಇಟ್ಟಳು, ಸ್ವಲ್ಪ ತಡವಾಗಿ.

ಭಾನುವಾರ ಗಾಯಕವೃಂದ ಅಡಿಯಿಂದ ಮುಡಿಯವರೆಗೆ ಗುಲಾಬಿ ಬಣ್ಣದಲ್ಲಿ ಎದ್ದು ನಿಂತಿತು. ಗುಂಪಿನಲ್ಲಿದ್ದ ದಪ್ಪ ಮೀಸೆಯ ಕಟುಕರೊಬ್ಬರು ಹುಟ್ಟುಹಬ್ಬದ ಕೇಕಿನಂತೆ ಕಾಣುತ್ತಿದ್ದರು. ಹಾಡುವಾಗ ಅವರ ಕಣ್ಣು ಸಭೆಯಲ್ಲಿ ಯಾರನ್ನೋ ಹುಡುಕುತ್ತಿತ್ತು. ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ. ಪಾಸ್ಟರು ಪ್ರಸಂಗದ ನಡುವೆ ಒಮ್ಮೆ ಅವರತ್ತ ತಿರುಗಿ, ಹೇಳುತ್ತಿದ್ದ ಮಾತು ಮರೆತು, ಮತ್ತೆ ಮೊದಲಿನಿಂದ ಶುರುಮಾಡಿದರು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕುಲುಕುತ್ತಿದ್ದ ಪಾಸ್ಟರ ಬಳಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ನಲ್ಲಿ, ನೀರು, ಅಂಗಿ, ಒಂದನ್ನೂ ಬಿಡಲಿಲ್ಲ. ಮೇಲಿನ ಮನೆಯವರೂ, ಕಟ್ಟಿಕೊಂಡವಳೂ ನನ್ನನ್ನೇ ಆರಿಸಿಕೊಂಡದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ನನ್ನ ಕೈ ಬಿಡದೆ ಕೇಳಿಸಿಕೊಂಡರು. ಆ ಬೆಚ್ಚಗಿನ ಹಿಡಿತದಿಂದ ನನಗೆ ಧೈರ್ಯ ಬಂತು. ಲೋಕದಲ್ಲಿ ಒಬ್ಬರಾದರೂ ಬೇರೆಯವರನ್ನು ಆರಿಸಿಕೊಂಡಿರಬೇಕಲ್ಲ?

“ಪಾಸ್ಟರೇ, ನೀವು ಯಾರನ್ನ ಆರಿಸಿಕೊಂಡಿದ್ರಿ?” ಎಂದೆ.

ಅವರು ಅಂಗಳದಲ್ಲಿ ನಿಂತಿದ್ದ ಗುಲಾಬಿ ಕಟುಕರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನನ್ನ ಕೈಯನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡರು.

“ಇವತ್ತು ಬೆಳಿಗ್ಗೆವರೆಗೂ ಬೇರೆ ಒಬ್ಬರಿದ್ರು,” ಎಂದರು.