ಮಂಗಗಳಿಗೊಂದು ಕಂಟ್ರೋಲ್ ಗ್ರೂಪ್

ಮಂಗಗಳ ಹಿಂದೆ ಅಲೆಯುವವನಿಗೆ ಊರಲ್ಲಿ ಮರ್ಯಾದೆ ಕಡಿಮೆ. ಆ ಮಂಗಗಳ ಮೇಲೆ ವಿದೇಶಿ ಜರ್ನಲ್‌ಗೆ ಲೇಖನ ಬರೆಯುವವನಿಗೆ ಅಷ್ಟೂ ಇಲ್ಲ. ತೊಂಬತ್ತರ ದಶಕದಲ್ಲಿ ಹಾನುಬಾಳಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ಎರಡನ್ನೂ ಮಾಡುತ್ತಿದ್ದೆ. ಪ್ರಾಣಿಗಳ ಕಲಿಕೆಯ ಬಗೆಗಿನ ಆ ಜರ್ನಲ್ಲಿನಲ್ಲಿ ಒಂದು ಲೇಖನವಾದರೂ ಬರದಿದ್ದರೆ ನನ್ನ ಪಿಎಚ್‌.ಡಿ. ಪ್ರಬಂಧವನ್ನು ಮುಟ್ಟುವುದೂ ಇಲ್ಲ ಎಂದು ಮೈಸೂರಿನಲ್ಲಿದ್ದ ನನ್ನ ಗೈಡು ಹೇಳಿಬಿಟ್ಟಿದ್ದರು.

ಊಟದ ಗಂಟೆ

ಮಧ್ಯಾಹ್ನ ಸ್ಟೋರಿನ ಮುಂದೆ ನೇತುಹಾಕಿದ ಕಬ್ಬಿಣದ ತುಂಡನ್ನು ಬಾರಿಸಿದರೆ ಆಳುಗಳು ಊಟಕ್ಕೆ ಬರುತ್ತಿದ್ದರು. ಅನ್ನದ ಆಸೆಗೆ ಮಂಗಗಳೂ ಬರುತ್ತಿದ್ದವು. ಅವು ಗಂಟೆಯ ಅರ್ಥ ಕಲಿತಿವೆ ಎನ್ನುವುದೇ ನನ್ನ ಮಹಾ ಸಂಶೋಧನೆ. ಎಸ್ಟೇಟಿನ ಸಾಹುಕಾರರಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, "ತೋಟದ ಲೆಕ್ಕ ನೋಡೋ ನಮ್ ರೈಟರೂ ಗಂಟೆ ಹೊಡೆದ್ರೇನೇ ಬರೋದು ಕಣ್ರೀ. ಅವನ ಮೇಲೂ ಒಂದು ಬರೀರಿ" ಎಂದರು.

ಬೆಳಿಗ್ಗೆ ಹತ್ತಕ್ಕೆ

ಲೇಖನ ಕಳಿಸಿದೆ. ಎಷ್ಟೋ ತಿಂಗಳ ಮೇಲೆ, ಅದನ್ನು ಪರಿಶೀಲಿಸಿದ ಮಹಾನುಭಾವರ ಪ್ರಶ್ನೆ ಬಂತು: ಮಂಗಗಳು ಬರುವುದು ಗಂಟೆಗೋ, ಅನ್ನದ ವಾಸನೆಗೋ? ಅನ್ನವಿಲ್ಲದ ಹೊತ್ತಿನಲ್ಲಿ ಬಾರಿಸಿ ನೋಡಬೇಕಂತೆ. ಸರಿ, ಬೆಳಿಗ್ಗೆ ಹತ್ತಕ್ಕೆ ನಾನೇ ಬಾರಿಸಿದೆ. ಮಂಗಗಳು ಬರುವಷ್ಟರಲ್ಲಿ ತೋಟದ ಆಳುಗಳೆಲ್ಲ ಬಂದು ಕೂತು ಬುತ್ತಿ ಬಿಚ್ಚಿದ್ದರು. ಪ್ರಯೋಗ ಯಶಸ್ವಿ, ಪ್ರಾಣಿ ಮಾತ್ರ ಬೇರೆ. ಅಂದಿನಿಂದ ಗಂಟೆ ಬಾರಿಸುವ ಸುತ್ತಿಗೆ ಸಾಹುಕಾರರ ಮಂಚದ ಕೆಳಗೆ ಸೇರಿತು.

ಗ್ರೂಪ್ ರೆಡಿ

ಮಹಾನುಭಾವರು ಅಷ್ಟಕ್ಕೆ ಬಿಡಲಿಲ್ಲ. ಕಂಟ್ರೋಲ್ ಗ್ರೂಪ್ ಎಲ್ಲಿ ಎಂದರು. ಎಂದರೆ, ಹೋಲಿಸಿ ನೋಡಲು ಗಂಟೆಯನ್ನೇ ಕೇಳಿರದ ಇನ್ನೊಂದು ಮಂಗಗಳ ಹಿಂಡು. ಅವಸರದಲ್ಲಿದ್ದ ನಾನು ರೈಟರಿಗೆ, ಜರ್ನಲ್ಲಿನವರು ಮಂಗಗಳಿಗೆ ಕಂಟ್ರೋಲ್ ಗ್ರೂಪ್ ಕೇಳಿದ್ದಾರೆ, ಒಂದು ಹುಡುಕಿಡಿ ಎಂದಷ್ಟೇ ಹೇಳಿ ಮೈಸೂರಿನ ಬಸ್ಸು ಹತ್ತಿದೆ.

ವಾರ ಬಿಟ್ಟು ಬಂದರೆ ತೋಟ ಬಿಕೋ ಎನ್ನುತ್ತಿತ್ತು. ಸ್ಟೋರಿನ ಮೆಟ್ಟಿಲ ಮೇಲೆ ಕವಣೆ, ಪಟಾಕಿ ಹಿಡಿದ ಗಟ್ಟಿ ಆಳುಗಳು ಸಾಲಾಗಿ ಕೂತಿದ್ದರು. ರೈಟರು ಎದೆಯುಬ್ಬಿಸಿ, "ಗ್ರೂಪ್ ರೆಡಿ ಐತೆ ಸಾರ್. ಎಲ್ಲಾ ಕಂಟ್ರೋಲ್ ಆಗ್ಬುಟ್ಟವೆ, ಒಂದೂ ಉಳ್ದಿಲ್ಲ" ಎಂದರು.

ವರ್ಷಗಟ್ಟಲೆ ಹೆಸರಿಟ್ಟು ಗುರುತಿಟ್ಟುಕೊಂಡ ಮಂಗಗಳು ಪಟಾಕಿಗೆ ಹೆದರಿ ಮಾರನಹಳ್ಳಿ ಕಡೆ ಘಟ್ಟ ಇಳಿದಿದ್ದವು. ಅವುಗಳ ಜೊತೆ ನನ್ನ ಪಿಎಚ್‌.ಡಿ.ಯೂ ಇಳಿದಿತ್ತು. ಅಳು ಬಂತು, ಅತ್ತೂಬಿಟ್ಟೆ. ಇನ್ನು ಮುಚ್ಚಿಟ್ಟು ಏನು ಫಲ ಎಂದು ನಡೆದದ್ದನ್ನೆಲ್ಲ ಸಂಪಾದಕರಿಗೆ ಬರೆದು ಹಾಕಿದೆ.

ಉತ್ತರ ಬಂತು. ಮಂಗಗಳೇ ಇಲ್ಲವಾದ್ದರಿಂದ ಪರಿಶೀಲಕರಿಗೆ ಇನ್ನು ಕೇಳಲು ಪ್ರಶ್ನೆ ಉಳಿದಿಲ್ಲ, ಲೇಖನವನ್ನು ಇದ್ದ ಹಾಗೇ ಪ್ರಕಟಿಸುತ್ತೇವೆ ಎಂದಿತ್ತು. ರೈಟರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕವಣೆಯನ್ನು ಮೊಳೆಗೆ ನೇತುಹಾಕುತ್ತಾ ಹೇಳಿದರು:

"ಹಂಗಾದ್ರೆ ಅವ್ರೂ ಕಂಟ್ರೋಲ್ ಆಗ್ಬುಟ್ರು ಅನ್ನಿ."