ಮರ್ಯಾದೆ ಕೊಟ್ಟರೆ ಹುಷಾರು

ನಗಬಾರದ ಹೊತ್ತಿನಲ್ಲೇ ನಗು ಉಕ್ಕಿ ಬರುವ ಜಾಗ ಯಾವುದಾದರೂ ಇದ್ದರೆ ಅದು ನಾನು ಕೆಲಸ ಮಾಡುವ ಕೇಂದ್ರ. ವಾರಕ್ಕೆ ಒಂದಾದರೂ ಎಡವಟ್ಟು ಆಗದಿದ್ದರೆ ನಮ್ಮ ಮ್ಯಾನೇಜರಮ್ಮನಿಗೆ ಅನುಮಾನ ಶುರುವಾಗುತ್ತದೆ, ಎಲ್ಲರೂ ಹುಷಾರಾಗಿದ್ದಾರಾ ಅಂತ.

ಡಬ್ಲಿನ್ನಿನ ಪಶ್ಚಿಮದ ಅಂಚಿನಲ್ಲಿರುವ ಬಡಾವಣೆ ಅದು. ನನ್ನ ಗಂಡ ಸಿಟಿವೆಸ್ಟಿನ ಗಾಜಿನ ಕಟ್ಟಡದಲ್ಲಿ ಕೂತು ಕೀಬೋರ್ಡ್ ಕುಟ್ಟುತ್ತಾರೆ. ನಾನು ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ಹಾಲ್‌ನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತೇನೆ. ಶಾಲೆ ಬಿಟ್ಟ ಮೇಲೆ ಮನೆಗೆ ಹೋದರೆ ಬಿಸಿ ಊಟ ಸಿಗುತ್ತದೆಂಬ ಖಾತ್ರಿಯಿಲ್ಲದ ಮಕ್ಕಳು ಅಲ್ಲಿಗೆ ಬರುತ್ತಾರೆ. ಹೋಮ್‌ವರ್ಕ್, ಜಗಳ, ಊಟ, ಮತ್ತೆ ಜಗಳ. ಹಿಂದೆಯೇ ಅವರ ಅಮ್ಮಂದಿರು, ಅಜ್ಜಿಯರು.

ಹಾಲ್ ನಮ್ಮದಲ್ಲ, ಕೌನ್ಸಿಲ್ಲಿನದು. ಅದನ್ನು ನಮಗೇ ಬಿಡುವುದೋ, ಯೋಗ ಕ್ಲಾಸಿಗೆ ಕೊಡುವುದೋ ಎಂದು ಈ ವರ್ಷ ಮೇಲಿನವರು ಯೋಚಿಸುತ್ತಿದ್ದರು. ಯೋಗಕ್ಕೆ ಅರ್ಜಿ ಹಾಕಿದವಳು ಐರಿಶ್ ಹೆಂಗಸು, ಚಿತ್ರಾನ್ನ ಕಲಸುವವಳು ನಾನು. ಭಾರತದ ವಿರುದ್ಧ ಭಾರತವೇ ನಿಂತಿತ್ತು. ಸೋತರೆ ಮಕ್ಕಳಿಗೆ ಮಳೆಯಲ್ಲಿ ಬಸ್ ಸ್ಟಾಪೇ ಗತಿ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ.

೧. ಬೇಡ ಅಂದ ಅಜ್ಜಿ

ಕೆಲಸಕ್ಕೆ ಸೇರಿದ ವಾರವೇ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು. “ಟೀ ಕುಡೀತೀರಾ?” ಎಂದೆ. “ಅಯ್ಯೋ ಬೇಡ, ಐಯಾಮ್ ಗ್ರ್ಯಾಂಡ್” ಎಂದರು. ಇಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ, ಏನೂ ಬೇಡ ಅಂತ.

ನಮ್ಮೂರಲ್ಲಾಗಿದ್ದರೆ ಲೋಟ ಕೈಗೆ ತುರುಕಿಬಿಡುತ್ತಿದ್ದೆ. ಆದರೆ ಗಂಡ ಮೊದಲೇ ಬುದ್ಧಿ ಹೇಳಿ ಕಳಿಸಿದ್ದರು: “ಇಲ್ಲಿ ಬೇಡ ಅಂದ್ರೆ ಬೇಡ ಅಂತಲೇ. ನಿನ್ನ ಮೈಸೂರು ಉಪಚಾರ ಎಲ್ಲ ಮಾಡೋಕೆ ಹೋಗ್ಬೇಡ.” ಸರಿ, ಸುಮ್ಮನಾದೆ. ಅಜ್ಜಿ ಸಂಜೆವರೆಗೂ ಕೂತಿದ್ದರು, ಕೆಟಲ್ ಕಡೆ ನೋಡುತ್ತಾ.

ಮಾರನೇ ದಿನ ಮ್ಯಾನೇಜರಮ್ಮ ನನ್ನನ್ನು ಬದಿಗೆ ಕರೆದರು. “ಆಯಮ್ಮನಿಗೆ ಟೀ ಕೊಡಲಿಲ್ಲವಂತೆ? ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದಾರೆ.”

“ಅವರೇ ಬೇಡ ಅಂದ್ರು!”

“ಮೊದಲನೇ ಸಲ ಎಲ್ಲರೂ ಬೇಡ ಅಂತಲೇ ಅನ್ನೋದು. ಮೂರು ಸಲ ಕೇಳ್ಬೇಕು ಕಣಮ್ಮ.”

ನನಗೆ ತವರುಮನೆಗೆ ಬಂದಷ್ಟು ಸಂತೋಷವಾಯಿತು. ಮೂರು ಸಲವಂತೆ! ಮೂರು ಸಲ ನಮ್ಮಲ್ಲಿ ಬರೀ ಆರಂಭ. ಅವತ್ತಿನಿಂದ ಅಜ್ಜಿಗೆ ಟೀ, ಜೊತೆಗೆ ಉಪ್ಪಿಟ್ಟು, “ಸ್ವಲ್ಪ ಹಾಕ್ಕೊಳ್ಳಿ, ಏನೂ ತಿಂದೇ ಇಲ್ಲ ನೀವು, ನನ್ನಾಣೆ” ಎಂದು ಮತ್ತೊಂದು ಸೌಟು. ಈಗ ಅಜ್ಜಿ ಬಾಗಿಲಲ್ಲಿ ನನ್ನನ್ನು ಕಂಡೊಡನೆ ಎರಡೂ ಕೈ ಅಡ್ಡ ಹಿಡಿದುಕೊಂಡೇ ಒಳಗೆ ಬರುತ್ತಾರೆ, ಮುಂದೆ ತಟ್ಟೆ ಇಲ್ಲದಿದ್ದರೂ.

೨. ಸರ್ ಅನ್ನಿಸಿಕೊಂಡವರು

ನಮ್ಮ ಮಕ್ಕಳ ಬಾಯಿ ದೊಡ್ಡದು. ಅವರಲ್ಲಿ ಒಬ್ಬ ಉದ್ದನೆಯ ಹುಡುಗ ಇದ್ದಾನೆ, ಗುಂಪಿಗೆ ಅವನೇ ನಾಯಕ. ನಾನು ಚಳಿಗೆಂದು ಉಬ್ಬಿಕೊಂಡ ಹೊಸ ಕೋಟು ಹಾಕಿಕೊಂಡು ಹೋದ ದಿನ ಎಲ್ಲರೆದುರು ಕೇಳಿದ, “ಮಿಸ್, ಆ ಹಾಸಿಗೆಯೊಳಗೆ ಇನ್ನೂ ಯಾರಾದರೂ ಮಲಗಿದ್ದಾರಾ?” ಇನ್ನೊಬ್ಬಳು ನನ್ನ ನಡಿಗೆ ಅಣಕಿಸಿದಳು. ಮನೆಗೆ ಬಂದು ಚೆನ್ನಾಗಿ ಅತ್ತೆ.

ಮ್ಯಾನೇಜರಮ್ಮನಿಗೆ ಹೇಳಿದರೆ ಅವರು ಕೈ ಹಿಡಿದು ಕುಲುಕಿದರು. “ಅಭಿನಂದನೆ! ಇಷ್ಟು ಬೇಗ ಯಾರನ್ನೂ ಒಪ್ಪಿಕೊಂಡವರಲ್ಲ. ಇಲ್ಲಿ ಕಾಲೆಳೆದರೆ ನಮ್ಮವಳು ಅಂತ ಅರ್ಥ. ನಿಮಗಿಂತ ಮುಂಚೆ ಇದ್ದವರಿಗೆ ಪಾಪ, ತುಂಬಾ ಮರ್ಯಾದೆ ಕೊಡ್ತಿದ್ದರು. ತಿಂಗಳೊಳಗೆ ಬಿಟ್ಟು ಹೋದರು.”

ಆಮೇಲೊಂದು ಸಲ ನನ್ನ ಗಂಡ ದೊಡ್ಡ ಮಕ್ಕಳಿಗೆ ಕೆಲಸದ ಇಂಟರ್ವ್ಯೂ ಬಗ್ಗೆ ಹೇಳಿಕೊಡಲು ಬಂದರು. ಟೈ ಕಟ್ಟಿಕೊಂಡು, ಸ್ಲೈಡುಗಳನ್ನು ಹೊತ್ತುಕೊಂಡು. ಒಂದು ಗಂಟೆ ಮಾತಾಡಿದರು. ಮಕ್ಕಳು ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ಸಾಲಾಗಿ ನಿಂತು “ಥ್ಯಾಂಕ್ ಯೂ, ಸರ್” ಎಂದರು. ಉದ್ದನೆಯವನಂತೂ ಬಾಗಿಲು ತೆಗೆದು ಹಿಡಿದ.

ದಾರಿಯುದ್ದಕ್ಕೂ ಇವರದ್ದು ಒಂದೇ ಮಾತು: “ನೀನು ಸುಮ್ನೆ ದೂರ್ತೀಯಾ ಕಣೇ. ಎಷ್ಟು ಮರ್ಯಾದೆ ಕೊಟ್ವು ನೋಡು, ಚಿನ್ನದಂಥ ಮಕ್ಳು!”

ಮದುವೆಯಾಗಿ ಇಷ್ಟು ವರ್ಷ ಆಯಿತು, ಕೆಲವು ವಿಷಯ ಹೇಳಬಾರದು. ಹೇಳಲಿಲ್ಲ.

೩. ಹಸಿಮೆಣಸಿನಕಾಯಿ

ನನ್ನ ಇಂಗ್ಲಿಷ್ ಚೆನ್ನಾಗಿಯೇ ಇದೆ, ಸಿಟ್ಟು ಬರುವವರೆಗೆ. ಬಂತೆಂದರೆ ನೇರ ಅಜ್ಜಿಮನೆಯ ಭಾಷೆಗೆ ಇಳಿದುಬಿಡುತ್ತೇನೆ.

ಒಂದು ಸಂಜೆ ಚಿತ್ರಾನ್ನಕ್ಕೆ ಹೆಚ್ಚಲು ಇಟ್ಟಿದ್ದ ಹಸಿಮೆಣಸಿನಕಾಯನ್ನು ಉದ್ದನೆಯವನು ಪಂಥ ಕಟ್ಟಿ ಕಚಕ್ಕನೆ ಕಚ್ಚಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಧಾರಾಕಾರ. ಆದರೂ ಉಗುಳಲು ಸಿದ್ಧನಿಲ್ಲ, ಗಂಡಸುತನದ ಪ್ರಶ್ನೆ.

“ಲೋ ಮಂಗ ಮುಂಡೇದೆ! ಉಗಿಯೋ! ಬಾ ಇಲ್ಲಿ, ತಿನ್ನು!” ಎಂದು ಕಿರುಚಿ, ಅವನ ಬಾಯಿಗೆ ಒಂದು ಸೌಟು ಮೊಸರು ತುರುಕಿದೆ. ಬೆನ್ನು ಸವರಿದೆ.

ಬಾಯಿ ಆರಿದ ಮೇಲೆ ಅವನು ಕೇಳಿದ, “ಮಿಸ್, ಅದೇನಂದ್ರಿ? ಮಂಗಮುಂಡೇದೆ? ಹಾಗಂದ್ರೆ?”

ಏನು ಹೇಳಲಿ? ಮಕ್ಕಳನ್ನು ಬೈಯಬಾರದು ಎಂದು ಗೋಡೆಯ ಮೇಲೆ ನಾನೇ ಅಂಟಿಸಿದ ಬೋರ್ಡ್ ಇತ್ತು. “ಅದಾ... ಬಾ ಮಗೂ ಅಂತ. ನಮ್ಮ ಕಡೆ ಊಟಕ್ಕೆ ಹಾಗೇ ಕರೆಯೋದು” ಎಂದೆ.

ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ನನ್ನ ಮಗಳು ತಲೆಯೆತ್ತಿದಳು. ಅವಳು ಹುಟ್ಟಿದ್ದು ಇಲ್ಲೇ, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಡಬ್ಲಿನ್ ರಾಗದ ಇಂಗ್ಲಿಷಿನಲ್ಲಿ. ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದು ಸಾರುವುದಕ್ಕೆ ಬಾಯಿ ತೆರೆದಳು. ನಾನು ಒಂದು ನೋಟ ಬಿಟ್ಟೆ. ಆ ನೋಟಕ್ಕೆ ಯಾವ ದೇಶದಲ್ಲಿ ಹುಟ್ಟಿದರೂ ಅನುವಾದ ಬೇಕಾಗುವುದಿಲ್ಲ. ಬಾಯಿ ಮುಚ್ಚಿದಳು.

ಮಾರನೇ ದಿನದಿಂದ ಊಟದ ಹೊತ್ತಿಗೆ ಮಕ್ಕಳೆಲ್ಲ ಒಬ್ಬರನ್ನೊಬ್ಬರು ಹಾಗೇ ಕರೆಯತೊಡಗಿದರು. ಯಾರಾದರೂ ಮನೆಯಲ್ಲಿ ಪೆಟ್ಟು ತಿಂದೋ, ಶಾಲೆಯಲ್ಲಿ ಬೈಸಿಕೊಂಡೋ ಮುಖ ಸಣ್ಣಗೆ ಮಾಡಿಕೊಂಡು ಬಂದರೆ, “ನನ್ನನ್ನ ಕರೀರಿ ಮಿಸ್” ಎಂದು ಎದುರು ನಿಲ್ಲುತ್ತಿದ್ದರು. ಕಣ್ಣು ಒದ್ದೆ ಮಾಡಿಕೊಂಡು ಮಂಗ ಮುಂಡೇದೆ ಎನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

೪. ಮೇಡಂ ಬಂದರು

ಕೊನೆಗೂ ಹಾಲ್ ಯಾರಿಗೆಂದು ತೀರ್ಮಾನಿಸುವ ಮೇಡಂ ನೋಡಲು ಬರುವ ದಿನ ಬಂತು. “ಅವತ್ತೊಂದು ದಿನ ಮನುಷ್ಯರ ಹಾಗಿರಿ. ಯಾರ ಕಾಲೂ ಎಳೀಬೇಡಿ” ಎಂದು ಮ್ಯಾನೇಜರಮ್ಮ ಮಕ್ಕಳಿಗೆ ಕೈ ಮುಗಿದಿದ್ದರು.

ಮಕ್ಕಳು ಮಾತು ಉಳಿಸಿಕೊಂಡರು. ಅದೇ ಎಡವಟ್ಟಾಗಿದ್ದು. ಸಾಲಾಗಿ ಕೈಕಟ್ಟಿ ಕೂತು ಯೆಸ್ ಮೇಡಂ, ನೋ ಮೇಡಂ. ಮೇಡಂ ಹಾಲ್ ಸುತ್ತಿ ಬಂದು ಹೇಳಿದರು, “ಎಷ್ಟು ಶಾಂತವಾಗಿದೆ ಇಲ್ಲಿ! ಈ ಮಕ್ಕಳಿಗೆ ಯಾವ ತೊಂದರೆಯೂ ಇದ್ದಂತಿಲ್ಲ. ಇಂಥ ಜಾಗದಲ್ಲಿ ಯೋಗ ಬಹಳ ಚೆನ್ನಾಗಿರುತ್ತೆ.”

ನಾನು ಕೈಲಿದ್ದ ಸೌಟು ಕೆಳಗಿಟ್ಟೆ. ಮ್ಯಾನೇಜರಮ್ಮನ ಮುಖ ಬಿಳಿಚಿತು. ಉದ್ದನೆಯವನು ನಮ್ಮಿಬ್ಬರನ್ನೂ ನೋಡಿದ. ಏನೋ ಕೈ ತಪ್ಪುತ್ತಿದೆ ಎಂದು ಅವನಿಗೂ ಹೊಳೆಯಿತು. ತನಗೆ ಗೊತ್ತಿದ್ದ ಅತಿ ದೊಡ್ಡ ಸತ್ಕಾರ ಮಾಡಲು ಎದ್ದು ನಿಂತ. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಗಂಭೀರವಾಗಿ ಹೇಳಿದ:

“ಲೋ ಮಂಗ ಮುಂಡೇದೆ, ಬಾ ಇಲ್ಲಿ, ತಿನ್ನು!”

ಉಳಿದವರೂ ಎದ್ದರು, ಕೈ ಜೋಡಿಸಿದರು, ಒಕ್ಕೊರಲಿನಿಂದ ಅದನ್ನೇ ಹೇಳಿದರು. ಮೇಡಂ ಪುಳಕಿತರಾದರು. ಅವರ ಹಿಂದೆ ನಿಂತಿದ್ದ ಅಸಿಸ್ಟೆಂಟ್, ತೆಳ್ಳಗಿನ ಭಾರತೀಯ ಯುವಕ, ಕುಡಿಯುತ್ತಿದ್ದ ಟೀಯನ್ನು ಮೂಗಿನಿಂದ ಹೊರಗೆ ಬಿಟ್ಟ.

ಮುಗಿಯಿತು ನನ್ನ ಕತೆ, ಅಂದುಕೊಂಡೆ.

“ಅದು ನಿಮ್ಮ ಭಾಷೆಯಾ?” ಎಂದು ಮೇಡಂ ಅವನನ್ನೇ ಕೇಳಿದರು. “ಏನು ಹಾಗಂದ್ರೆ?”

ಅವನು ನನ್ನನ್ನು ನೋಡಿ ಮೆಲ್ಲಗೆ ಕೇಳಿದ, “ಯಾವೂರಕ್ಕ ನಿಮ್ದು?”

“ಮೈಸೂರಪ್ಪ. ಕೈ ಮುಗೀತೀನಿ, ಮಕ್ಳ ಊಟದ್ ವಿಷ್ಯ ಇದು.”

“ನಂದು ಚನ್ನಪಟ್ಟಣ” ಎಂದವನು ಮೇಡಂ ಕಡೆ ತಿರುಗಿ, ಮೂಗು ಒರೆಸಿಕೊಂಡು ಹೇಳಿದ: “ನಮ್ಮಲ್ಲಿ ಇದನ್ನ ಸ್ವಂತದವರು ಮಾತ್ರ ಹೇಳೋದು ಮೇಡಂ. ದಿನಾ ನಮ್ಮಮ್ಮ ನನ್ನ ಊಟಕ್ಕೆ ಹೀಗೇ ಕರೀತಿದ್ರು. ಅತ್ಲೋನ್ ಕಾಲೇಜಿಗೆ ಓದೋಕೆ ಬಂದಾಗಿನಿಂದ ಇವತ್ತಿನವರೆಗೂ ಯಾರೂ ನನ್ನ ಹೀಗೆ ಕರೆದಿಲ್ಲ.” ಅಷ್ಟು ಹೇಳಿ ಮತ್ತೆ ಮೂಗು ಒರೆಸಿಕೊಂಡ, ಈ ಸಲ ಟೀಯಿಂದಲ್ಲ. ನಾನಂತೂ ಸೆರಗಿಲ್ಲದೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡೆ.

ಉದ್ದನೆಯವನು ಅವನ ಬೆನ್ನು ತಟ್ಟಿ ತಟ್ಟೆ ಕೊಟ್ಟ. “ಟೀ ಕುಡಿಯೋಕೆ ಬರಲ್ಲ ನಿನಗೆ, ಚಿತ್ರಾನ್ನ ಆದ್ರೂ ಬಾಯಲ್ಲಿ ತಿನ್ನು.” ಹಾಲ್ ತುಂಬ ನಗು, ಗದ್ದಲ, ಎಂದಿನ ಜಗಳ. ಮೇಡಂ ಬೇಡ ಅಂದರು. ನಾನು ಮೂರು ಸಲ ಕೇಳಿದೆ. ಎರಡು ತಟ್ಟೆ ತಿಂದರು.

ಮುಂದಿನ ವಾರ ಅವರದೇ ಫೋನ್. ಹಾಲ್ ನಮಗೇ ಉಳಿಯಿತು. ನಾನು ಕುಣಿಯುವುದೊಂದು ಬಾಕಿ.

“ಇನ್ನೊಂದು ಸಂತೋಷದ ಸುದ್ದಿ” ಎಂದರು ಮೇಡಂ. “ಪಕ್ಕದ ನೇಸ್ ಊರಲ್ಲಿ ನಿಮ್ಮಂಥದ್ದೇ ಇನ್ನೊಂದು ಕೇಂದ್ರ ಶುರುವಾಗ್ತಿದೆ. ನಿಮ್ಮ ದೇಶದ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಸ್ವಾಗತ ಭಾಷಣ ನಂದೇ. ನಿಮ್ಮ ಮಕ್ಕಳು ಹೇಳಿದ ಆ ಮಾತಿನಿಂದಲೇ ಶುರು ಮಾಡ್ತೀನಿ. ಕನ್ನಡಿ ಮುಂದೆ ಅಭ್ಯಾಸ ಮಾಡಿದೀನಿ, ನೀವೂ ಬಂದು ಪಕ್ಕದಲ್ಲಿ ನಿಂತ್ಕೊಳ್ಳಿ.”

“ಅವರು ಯಾವ ರಾಜ್ಯದವರು ಮೇಡಂ?” ಎಂದೆ. ಪಂಜಾಬಿನವರಾಗಿರಲಿ ದೇವರೇ, ಬಂಗಾಳವಾದರೂ ಸರಿ.

“ಅದು ಗೊತ್ತಿಲ್ಲ. ಹೆಸರಿನ ಕೊನೆಗೆ ಗೌಡ ಅಂತ ಬರುತ್ತೆ.”

ಆ ದಿನ ನನಗೆ ಜ್ವರ ಬರುತ್ತದೆಂದು ಈಗಲೇ ತಿಳಿಸಿಬಿಟ್ಟಿದ್ದೇನೆ.